ಬಬಲ್ ಟೀ: ಲೋಟದಲ್ಲಿ ಬಂದ ಪಾಯಸ

ಚಹಾ ಎಂದರೆ ಏನೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೆಳಗ್ಗೆ ಎದ್ದ ಕೂಡಲೇ ಒಂದು ಲೋಟ, ಸಂಜೆ ನೆಂಟರು ಬಂದರೆ ಅವರ ನೆಪದಲ್ಲಿ ಇನ್ನೊಂದು ಲೋಟ, ಇದು ನಮ್ಮಲ್ಲಿ ಬಹುಪಾಲು ಮನೆಗಳ ರೂಢಿ. ಆದರೆ ಅಗಿದು ಕುಡಿಯುವ ಚಹಾವನ್ನು ನೀವು ಕಂಡಿದ್ದೀರಾ? ಮನೆಯಲ್ಲಿ ಕಾಲೇಜಿಗೆ ಹೋಗುವ ಮಗನೋ ಮಗಳೋ ಇದ್ದರೆ ಖಂಡಿತ ಕಂಡಿರುತ್ತೀರಿ. ಎತ್ತರದ ಪಾರದರ್ಶಕ ಲೋಟ, ತಳದಲ್ಲಿ ಕರಿಮಣಿಯಂತೆ ಹೊಳೆಯುವ ಉಂಡೆಗಳು, ಮೇಲೆ ತಣ್ಣನೆಯ ಹಾಲಿನ ಚಹಾ, ಕೈಬೆರಳಿನಷ್ಟು ದಪ್ಪನೆಯ ಒಂದು ಸ್ಟ್ರಾ. ಇದೇ ಬಬಲ್ ಟೀ. ಕೆಲವರು ಬೋಬಾ ಎಂದೂ ಕರೆಯುತ್ತಾರೆ.

ಬೆಂಗಳೂರಿನ ಮಾಲ್‌ಗಳಲ್ಲಿ ಈಗ ಇದು ಹೊಸದೇನಲ್ಲ. ‘ಮಕ್ಕಳು ಇದನ್ನು ಕುಡಿಯಬಹುದೇ ಡಾಕ್ಟ್ರೇ? ಒಳಗಿರುವ ಆ ಕಪ್ಪು ಗುಳಿಗೆ ಏನು? ಪ್ಲಾಸ್ಟಿಕ್ಕೇ?’ ಎಂದು ಕೇಳುವ ತಾಯಂದಿರು ನನ್ನ ಚಿಕಿತ್ಸಾಲಯಕ್ಕೆ ಆಗಾಗ ಬರುತ್ತಾರೆ. ಅವರೆಲ್ಲರಿಗೂ ಒಟ್ಟಿಗೆ ಉತ್ತರ ಹೇಳುವ ಪ್ರಯತ್ನವೇ ಈ ವಾರದ ಲೇಖನ.

ಹುಟ್ಟಿದ್ದು ತೈವಾನಿನಲ್ಲಿ

ಬಬಲ್ ಟೀ ಹುಟ್ಟಿದ್ದು ಚೀನಾದ ಪೂರ್ವಕ್ಕಿರುವ ತೈವಾನ್ ದ್ವೀಪದಲ್ಲಿ, 1980ರ ದಶಕದಲ್ಲಿ. ಅಲ್ಲಿ ಚಹಾವನ್ನು ಮಂಜುಗಡ್ಡೆಯ ಜೊತೆ ಮುಚ್ಚಿದ ಪಾತ್ರೆಯಲ್ಲಿ ಹಾಕಿ ಜೋರಾಗಿ ಕುಲುಕುವ ಪದ್ಧತಿ ಇತ್ತು. ಕುಲುಕಿದಾಗ ಮೇಲೆ ನೊರೆ ಬರುತ್ತದೆ. ‘ಬಬಲ್’ ಎಂಬ ಹೆಸರು ಮೊದಲು ಈ ನೊರೆಯ ಗುಳ್ಳೆಗಳಿಂದ ಬಂದದ್ದೇ ಹೊರತು ತಳದ ಉಂಡೆಗಳಿಂದಲ್ಲ. ಉಂಡೆಗಳನ್ನು ಅಲ್ಲಿನವರು ‘ಮುತ್ತು’ ಎನ್ನುತ್ತಾರೆ. ಚೀನೀ ಭಾಷೆಯಲ್ಲಿ ಈ ಪಾನೀಯಕ್ಕಿರುವ ಹೆಸರಿನ ಅರ್ಥವೇ ‘ಮುತ್ತಿನ ಹಾಲು ಚಹಾ’.

ಮುತ್ತನ್ನು ಚಹಾಕ್ಕೆ ಮೊದಲು ಹಾಕಿದವರು ಯಾರು ಎಂಬ ಬಗ್ಗೆ ಒಂದು ಸ್ವಾರಸ್ಯಕರ ಜಗಳವೇ ಇದೆ. ತೈನಾನ್ ನಗರದ ಹಾನ್‌ಲಿನ್ ಚಹಾ ಅಂಗಡಿಯ ತು ಸೋಂಗ್-ಹೆ, 1986ರಲ್ಲಿ ಮಾರುಕಟ್ಟೆಯಲ್ಲಿ ಬಿಳಿಯ ಸಬ್ಬಕ್ಕಿ ಉಂಡೆಗಳನ್ನು ಕಂಡು ಅವನ್ನು ಚಹಾಕ್ಕೆ ಹಾಕಿ ನೋಡಿದ್ದಾಗಿ ಹೇಳುತ್ತಾರೆ. ತೈಚುಂಗ್ ನಗರದ ಚುನ್ ಶುಯಿ ತಾಂಗ್ ಅಂಗಡಿಯವರು, ತಮ್ಮಲ್ಲಿ ಕೆಲಸಕ್ಕಿದ್ದ ಲಿನ್ ಷಿಯು-ಹುಯಿ ಎಂಬಾಕೆ 1988ರಲ್ಲಿ ತಾನು ತಿನ್ನಲು ತಂದಿದ್ದ ಸಿಹಿ ಸಬ್ಬಕ್ಕಿಯನ್ನು ತಣ್ಣನೆಯ ಚಹಾದ ಲೋಟಕ್ಕೆ ಸುರಿದದ್ದೇ ಆರಂಭ ಎನ್ನುತ್ತಾರೆ. ಎರಡೂ ಅಂಗಡಿಗಳು ಸುಮಾರು ಹತ್ತು ವರ್ಷ ನ್ಯಾಯಾಲಯದಲ್ಲಿ ವ್ಯಾಜ್ಯ ನಡೆಸಿದವು. ಇದು ಯಾರು ಬೇಕಾದರೂ ಮಾಡಬಹುದಾದ ಪಾನೀಯ, ಇಂಥವರ ಸ್ವತ್ತು ಎಂದು ತೀರ್ಮಾನಿಸುವ ಅಗತ್ಯವೇ ಇಲ್ಲ ಎಂದು 2019ರಲ್ಲಿ ತೀರ್ಪು ಬಂದಿತು.

ಅಷ್ಟರಲ್ಲಿ ಪಾನೀಯ ಊರೂರು ಸುತ್ತಿ ಆಗಿತ್ತು. 1990ರ ದಶಕದಲ್ಲಿ ಅದು ಹಾಂಗ್‌ಕಾಂಗ್, ಸಿಂಗಪುರ ಮೊದಲಾದ ಕಡೆಗೂ, ತೈವಾನಿನಿಂದ ವಲಸೆ ಹೋದವರ ಜೊತೆ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೂ ಹೋಯಿತು. 2020ರ ಏಪ್ರಿಲ್‌ನಲ್ಲಿ ಕೋವಿಡ್ ಕಾರಣ ಸಿಂಗಪುರದ ಬಬಲ್ ಟೀ ಅಂಗಡಿಗಳನ್ನು ಮುಚ್ಚಬೇಕೆಂದು ಆದೇಶವಾದಾಗ, ಹಿಂದಿನ ರಾತ್ರಿ ಅಂಗಡಿಗಳ ಮುಂದೆ ಉದ್ದುದ್ದ ಸಾಲುಗಳು ನಿಂತವು. ಅದೇ ವರ್ಷ ಮೊಬೈಲ್‌ನಲ್ಲಿ ಕಳಿಸುವ ಪುಟ್ಟ ಚಿತ್ರಗಳ ಪಟ್ಟಿಗೂ ಬಬಲ್ ಟೀ ಲೋಟ ಸೇರಿತು.

ಮುತ್ತಿನ ಮೂಲ ಮರಗೆಣಸು

ಈಗ ಆ ‘ಕಪ್ಪು ಗುಳಿಗೆ’ಯ ವಿಷಯ. ಅದು ಪ್ಲಾಸ್ಟಿಕ್ ಅಲ್ಲ, ರಬ್ಬರೂ ಅಲ್ಲ. ನಮ್ಮ ಅಡುಗೆಮನೆಯ ಸಬ್ಬಕ್ಕಿಯ ದೊಡ್ಡಣ್ಣ ಅದು. ಉತ್ತರ ಕರ್ನಾಟಕದವರು ಸಾಬೂದಾಣಿ ಎನ್ನುವ, ಏಕಾದಶಿಗೆ ಉಸಲಿ ಮಾಡುವ, ಬೇಸಿಗೆಯಲ್ಲಿ ತಾರಸಿಯ ಮೇಲೆ ಸಂಡಿಗೆ ಇಡುವ ಅದೇ ಪದಾರ್ಥ.

ಸಬ್ಬಕ್ಕಿ ಹೆಸರಿಗೆ ಅಕ್ಕಿಯಾದರೂ ಅದು ಧಾನ್ಯವಲ್ಲ, ಮರಗೆಣಸಿನ ಹಿಟ್ಟು. ಮರಗೆಣಸು ದಕ್ಷಿಣ ಅಮೆರಿಕದ ಬೆಳೆ. ಅದನ್ನು ಸಮುದ್ರ ದಾಟಿಸಿದವರು ಪೋರ್ಚುಗೀಸರು. ತಿರುವಾಂಕೂರಿನಲ್ಲಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರು ಅದರ ಬೇಸಾಯಕ್ಕೆ ಪ್ರೋತ್ಸಾಹ ಕೊಟ್ಟರು. ನಮ್ಮ ಅಂಗಡಿಗಳಿಗೆ ಬರುವ ಸಬ್ಬಕ್ಕಿಯಲ್ಲಿ ಬಹುಪಾಲು ತಮಿಳುನಾಡಿನ ಸೇಲಂ ಕಡೆಯದು. ಸೇಲಂ ಸಬ್ಬಕ್ಕಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಹಸಿ ಮರಗೆಣಸಿನಲ್ಲಿ ಸಯನೈಡ್ ವಿಷ ಬಿಡುವ ಅಂಶವಿದೆ. ಆದರೆ ಗೆಡ್ಡೆಯನ್ನು ಸುಲಿದು, ಅರೆದು, ತೊಳೆದು, ಒಣಗಿಸಿ ಹಿಟ್ಟು ತೆಗೆಯುವಾಗ ಅದು ಹೋಗುತ್ತದೆ. ಆದ್ದರಿಂದ ಸಬ್ಬಕ್ಕಿಯ ಬಗ್ಗೆ ಆ ಭಯ ಬೇಡ. ಬಬಲ್ ಟೀಯ ಮುತ್ತಿಗಾಗಿ ಈ ಹಿಟ್ಟಿಗೆ ಬಿಸಿ ನೀರು, ಕಂದು ಸಕ್ಕರೆ ಸೇರಿಸಿ ನಾದಿ, ಉಂಡೆ ಕಟ್ಟಿ, ಕುದಿಸಿ, ಬೆಂದ ಮೇಲೆ ಸಕ್ಕರೆ ಪಾಕದಲ್ಲಿ ಅದ್ದಿಡುತ್ತಾರೆ. ಕಪ್ಪು ಬಣ್ಣ ಈ ಸಕ್ಕರೆಯದು ಇಲ್ಲವೇ ಸೇರಿಸಿದ ಬಣ್ಣದ್ದು. ಬಾಯಲ್ಲಿಟ್ಟರೆ ಪಟ್ಟೆಂದು ಒಡೆದು ಹಣ್ಣಿನ ರಸ ಬಿಡುವ ಇನ್ನೊಂದು ಬಗೆಯ ಉಂಡೆಯೂ ಇದೆ. ಅದರಲ್ಲಿ ಸಬ್ಬಕ್ಕಿ ಇರುವುದಿಲ್ಲ. ಸಮುದ್ರದ ಪಾಚಿಯಿಂದ ತೆಗೆದ ಪದಾರ್ಥದ ತೆಳುವಾದ ಪೊರೆಯೊಳಗೆ ಸಿಹಿ ರಸ ತುಂಬಿರುತ್ತದೆ.

ಯುವಜನರಿಗೇಕೆ ಇಷ್ಟು ಪ್ರಿಯ?

ಇದಕ್ಕೆ ಕಾರಣ ರುಚಿಯೊಂದೇ ಅಲ್ಲ. ಕುಡಿಯುವಾಗ ಅಗಿಯಲೂ ಏನೋ ಸಿಗುವುದು ನಾಲಿಗೆಗೆ ಹೊಸ ಅನುಭವ. ಅತ್ತ ಮೆತ್ತಗೂ ಅಲ್ಲದ, ಇತ್ತ ಗಟ್ಟಿಯೂ ಅಲ್ಲದ ಈ ಜಿಗುಟು ಗುಣಕ್ಕೆ ತೈವಾನಿನವರು ‘ಕ್ಯೂಕ್ಯೂ’ ಎಂಬ ವಿಶೇಷ ಪದವನ್ನೇ ಇಟ್ಟುಕೊಂಡಿದ್ದಾರೆ. ಎರಡನೆಯದಾಗಿ, ಸಕ್ಕರೆ ಎಷ್ಟು, ಮಂಜುಗಡ್ಡೆ ಎಷ್ಟು, ಯಾವ ಹಣ್ಣು, ಯಾವ ಮುತ್ತು ಎಂದು ಎಲ್ಲವನ್ನೂ ತಾವೇ ಆರಿಸಬಹುದು. ಮೂರನೆಯದಾಗಿ, ಲೋಟ ನೋಡಲು ಚೆಂದ; ಚಿತ್ರ ತೆಗೆದು ಗೆಳೆಯರಿಗೆ ಕಳಿಸಬಹುದು. ಕೊನೆಯದಾಗಿ, ಅದು ಗೆಳೆಯರು ಸೇರುವ ಜಾಗ. ನಮ್ಮ ಕಾಲದಲ್ಲಿ ಹೋಟೆಲಿನಲ್ಲಿ ಬೈಟು ಕಾಫಿ ಇಟ್ಟುಕೊಂಡು ಗಂಟೆಗಟ್ಟಲೆ ಹರಟುತ್ತಿರಲಿಲ್ಲವೇ? ಇದೂ ಹಾಗೆಯೇ. ಇದರಲ್ಲಿ ತಪ್ಪು ಹುಡುಕುವಂಥದ್ದೇನೂ ಇಲ್ಲ. ವ್ಯತ್ಯಾಸ ಇರುವುದು ಲೋಟದೊಳಗಿನ ಲೆಕ್ಕದಲ್ಲಿ.

ಒಂದು ಲೋಟದ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸೂಚನೆಯಂತೆ, ನಾವು ಬೇರೆಯಾಗಿ ಸೇರಿಸಿಕೊಳ್ಳುವ ಸಕ್ಕರೆ ಒಟ್ಟು ಆಹಾರದ ಶಕ್ತಿಯ ಶೇಕಡ 10ನ್ನು ಮೀರಬಾರದು. ಶೇಕಡ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 2000 ಕ್ಯಾಲರಿ ಬೇಕಾದ ವ್ಯಕ್ತಿಗೆ ಇದು 50 ಗ್ರಾಂ ಮತ್ತು 25 ಗ್ರಾಂ ಆಗುತ್ತದೆ. ಟೀ ಚಮಚದ ಲೆಕ್ಕದಲ್ಲಿ ಹೇಳುವುದಾದರೆ ಮಿತಿ ಹತ್ತು ಚಮಚ, ಒಳ್ಳೆಯದು ಐದು ಚಮಚ.

ಸಿಂಗಪುರದ ಒಂದು ಆಸ್ಪತ್ರೆ 2019ರಲ್ಲಿ ಬಬಲ್ ಟೀಗಳ ಸಕ್ಕರೆಯ ಲೆಕ್ಕ ಪ್ರಕಟಿಸಿತು. ಕಂದು ಸಕ್ಕರೆ ಪಾಕ ಮತ್ತು ಮುತ್ತು ಹಾಕಿದ ಅರ್ಧ ಲೀಟರಿನ ಒಂದು ಲೋಟದಲ್ಲಿ ಹದಿನೆಂಟೂವರೆ ಚಮಚ, ಅಂದರೆ 90 ಗ್ರಾಂಗೂ ಮೀರಿ ಸಕ್ಕರೆ ಇತ್ತು. ನೀವು ಮನೆಯಲ್ಲಿ ಕಾಫಿಗೆ ಎರಡು ಚಮಚ ಸಕ್ಕರೆ ಹಾಕುವವರಾದರೆ, ಒಂಬತ್ತು ಲೋಟ ಕಾಫಿಯ ಸಕ್ಕರೆಯನ್ನು ಒಂದೇ ಸಲ ಕುಡಿದಂತಾಯಿತು. ಎಲ್ಲ ಅಂಗಡಿಗಳ ಎಲ್ಲ ಲೋಟಗಳಲ್ಲೂ ಇಷ್ಟೇ ಇರುತ್ತದೆಂದಲ್ಲ. ಗಾತ್ರ ಚಿಕ್ಕದಾದರೆ, ಪಾಕ ಕಡಿಮೆಯಾದರೆ ಸಕ್ಕರೆಯೂ ಕಡಿಮೆಯೇ.

ಇನ್ನು ಮುತ್ತುಗಳು. ಒಣ ಸಬ್ಬಕ್ಕಿ 100 ಗ್ರಾಂಗೆ ಸುಮಾರು 350 ಕ್ಯಾಲರಿ ಕೊಡುತ್ತದೆ. ಅದರಲ್ಲಿರುವುದು ಹೆಚ್ಚುಕಡಿಮೆ ಪಿಷ್ಟ ಮಾತ್ರ. ಪ್ರೊಟೀನ್ ಒಂದು ಗ್ರಾಂ ಕೂಡ ಇಲ್ಲ, ನಾರಿನಂಶವೂ ನಗಣ್ಯ. ಕೆಲವು ಕಡೆ ಹಾಲಿನ ಬದಲು ತಾಳೆ ಎಣ್ಣೆಯಿಂದ ಮಾಡಿದ ಬಿಳಿ ಪುಡಿಯನ್ನು ಬಳಸುತ್ತಾರೆ. ಆಗ ‘ಹಾಲಾದರೂ ಹೊಟ್ಟೆಗೆ ಹೋಯಿತಲ್ಲ’ ಎಂಬ ಸಮಾಧಾನಕ್ಕೂ ಆಧಾರವಿಲ್ಲ.

ಹಾಲು, ಸಕ್ಕರೆ, ಸಬ್ಬಕ್ಕಿ. ಈ ಮೂರನ್ನು ಸೇರಿಸಿದರೆ ಏನಾಗುತ್ತದೆಂದು ನಮ್ಮ ಗೃಹಿಣಿಯರಿಗೆ ಯಾರೂ ಹೇಳಬೇಕಾಗಿಲ್ಲ. ಸಬ್ಬಕ್ಕಿ ಪಾಯಸ! ಬಬಲ್ ಟೀ ಚಹಾದ ಹೆಸರಿನಲ್ಲಿ ಬಂದ ಪಾಯಸ. ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಒಂದೇ ಮಾತು ಇದು. ಪಾಯಸವನ್ನು ನಾವು ಹಬ್ಬಕ್ಕೆ ಮಾಡುತ್ತೇವೆ, ಊಟದ ಎಲೆಗೆ ಒಂದೆರಡು ಸೌಟು ಬಡಿಸುತ್ತೇವೆ. ಅದನ್ನೇ ಚಹಾ ಎಂದು ಭಾವಿಸಿ ವಾರಕ್ಕೆ ನಾಲ್ಕು ದಿನ ಅರ್ಧ ಲೀಟರ್ ಕುಡಿದರೆ?

‘ನಾನು ಸಿಹಿ ಮುಟ್ಟುವುದೇ ಇಲ್ಲ’

ಕೆಲವು ತಿಂಗಳ ಹಿಂದೆ ತಾಯಿಯೊಬ್ಬರು ಹತ್ತೊಂಬತ್ತು ವರ್ಷದ ಮಗಳನ್ನು ಕರೆತಂದಿದ್ದರು. ‘ಕತ್ತಿನ ಹಿಂದೆ ಕಪ್ಪಾಗಿದೆ ಡಾಕ್ಟ್ರೇ, ಎಷ್ಟು ತಿಕ್ಕಿದರೂ ಹೋಗ್ತಿಲ್ಲ’ ಎಂಬುದು ಅವರ ದೂರು. ನೋಡಿದೆ. ಕೊಳೆಯಲ್ಲ; ಚರ್ಮ ದಪ್ಪಗಾಗಿ ಮಖಮಲ್ಲಿನಂತೆ ಕಪ್ಪಾಗಿತ್ತು. ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎನ್ನಲು ಇದೊಂದು ಹೊರಗುರುತು. ಒಂದು ವರ್ಷದಲ್ಲಿ ತೂಕವೂ ಒಂಬತ್ತು ಕಿಲೋ ಏರಿತ್ತು.

‘ಸಿಹಿ ಎಷ್ಟು ತಿನ್ತೀಯಮ್ಮಾ?’ ಎಂದು ಕೇಳಿದೆ.

‘ಸ್ವೀಟ್ ಮುಟ್ಟೋದೇ ಇಲ್ಲ ಸರ್. ಹಬ್ಬದ ಪಾಯಸಾನೂ ಬೇಡ ಅಂತೀನಿ. ಬೇಕಾದ್ರೆ ಅಮ್ಮನ್ನೇ ಕೇಳಿ.’

ತಾಯಿ ಹೌದೆಂದು ತಲೆಯಾಡಿಸಿದರು. ‘ಕುಡಿಯೋದು?’ ಎಂದೆ.

‘ಕಾಲೇಜಿಂದ ಬರುವಾಗ ಫ್ರೆಂಡ್ಸ್ ಜೊತೆ ಒಂದು ಬಬಲ್ ಟೀ. ವಾರಕ್ಕೆ ನಾಲ್ಕೈದು ದಿನ ಅಷ್ಟೇ. ಅದು ಟೀ ತಾನೇ ಸರ್?’

ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 112 ಇತ್ತು. 100ಕ್ಕಿಂತ ಕಡಿಮೆ ಇದ್ದರೆ ಸರಿ. 126 ಮುಟ್ಟಿದರೆ ಸಕ್ಕರೆ ಕಾಯಿಲೆಯ ಶಂಕೆ. ನಡುವಿನದು ಕಾಯಿಲೆಯ ಹೊಸ್ತಿಲು. ಆ ಹುಡುಗಿಯ ಅಜ್ಜಿಗೂ ತಂದೆಗೂ ಸಕ್ಕರೆ ಕಾಯಿಲೆ ಇದೆ. ಬಬಲ್ ಟೀ ಒಂದರಿಂದಲೇ ಹೀಗಾಯಿತೆಂದು ನಾನು ಹೇಳುವುದಿಲ್ಲ. ಆದರೆ ಮನೆತನದಲ್ಲಿ ಕಾಯಿಲೆ ಇರುವಾಗ, ಕೂತಲ್ಲೇ ಓದುವ ದಿನಚರಿಯಲ್ಲಿ, ಈ ಲೋಟ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ತಿಂಗಳಿಗೊಂದು ಚಿಕ್ಕ ಲೋಟ, ದಿನಾ ಮುಕ್ಕಾಲು ಗಂಟೆ ನಡಿಗೆ, ರಾತ್ರಿಯೂಟ ಎಂಟರೊಳಗೆ ಎಂದು ಒಪ್ಪಂದವಾಯಿತು. ನಾಲ್ಕು ತಿಂಗಳ ನಂತರ ಸಕ್ಕರೆ 97ಕ್ಕೆ ಇಳಿದಿತ್ತು. ಹೊಸ್ತಿಲಿನಿಂದ ಹಿಂದಿರುಗಲು ಸಾಧ್ಯವಿದೆ. ಒಳಗೆ ಹೋದ ಮೇಲೆ ಕಷ್ಟ. ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ, ಇನ್ನೂ 13 ಕೋಟಿಗೂ ಹೆಚ್ಚು ಜನ ಹೊಸ್ತಿಲಲ್ಲಿದ್ದಾರೆ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ ಅಧ್ಯಯನವೊಂದು 2023ರಲ್ಲಿ ಅಂದಾಜು ಮಾಡಿದೆ.

ದೇಹದೊಳಗೆ ಏನಾಗುತ್ತದೆ?

ಎರಡು ಚಪಾತಿ, ಪಲ್ಯ ತಿಂದಾಗ ಹೊಟ್ಟೆ ತುಂಬಿತೆಂದು ಮೆದುಳಿಗೆ ತಿಳಿಯುತ್ತದೆ. ಅಷ್ಟೇ ಕ್ಯಾಲರಿಯನ್ನು ಪಾನೀಯದ ರೂಪದಲ್ಲಿ ಕುಡಿದರೆ ಆ ತೃಪ್ತಿ ಬರುವುದಿಲ್ಲ. ಹೀಗಾಗಿ ಬಬಲ್ ಟೀ ಕುಡಿದ ಮಗು ಮನೆಗೆ ಬಂದು ಎಂದಿನಂತೆಯೇ ಊಟ ಮಾಡುತ್ತದೆ. ಹೆಚ್ಚುವರಿ ಶಕ್ತಿ ಕೊಬ್ಬಾಗಿ ಕೂರುತ್ತದೆ.

ಸಕ್ಕರೆಯಲ್ಲಿ ಅರ್ಧ ಗ್ಲೂಕೋಸ್, ಅರ್ಧ ಫ್ರುಕ್ಟೋಸ್. ಗ್ಲೂಕೋಸ್ ಬೇಗ ರಕ್ತಕ್ಕೆ ಸೇರಿ ಇನ್ಸುಲಿನ್ನನ್ನು ಬೇಡುತ್ತದೆ. ಫ್ರುಕ್ಟೋಸ್ ಬಹುಪಾಲು ಯಕೃತ್ತಿಗೆ ಹೋಗುತ್ತದೆ. ಅತಿಯಾದರೆ ಅಲ್ಲಿ ಕೊಬ್ಬಾಗಿ ಸೇರುತ್ತದೆ. ಮದ್ಯ ಮುಟ್ಟದವರಲ್ಲೂ ಯಕೃತ್ತಿಗೆ ಕೊಬ್ಬು ತುಂಬಲು ಇದೂ ಒಂದು ಕಾರಣ. ಮುತ್ತಿನ ಪಿಷ್ಟವೂ ಬೇಗನೆ ಜೀರ್ಣವಾಗಿ ಗ್ಲೂಕೋಸ್ ಆಗುತ್ತದೆ. ಆದ್ದರಿಂದ ‘ಸೊನ್ನೆ ಸಕ್ಕರೆ’ ಎಂದು ಹೇಳಿ ತರಿಸಿದ ಲೋಟವೂ ಸಕ್ಕರೆ ಕಾಯಿಲೆಯವರಿಗೆ ನಿರಪಾಯವಲ್ಲ. ಚಹಾಕ್ಕೆ ಪಾಕ ಹಾಕದಿದ್ದರೂ ಮುತ್ತು ಮೊದಲೇ ಪಾಕದಲ್ಲಿ ನೆನೆದಿರುತ್ತದೆ. ಹಲ್ಲಿಗೆ ಅಂಟುವ ಈ ಜಿಗುಟು ಸಿಹಿಯಿಂದ ಹುಳುಕೂ ಬೇಗ ಹಿಡಿಯುತ್ತದೆ.

ಇದರಲ್ಲಿ ಚಹಾವೂ ಇದೆ ಎಂಬುದನ್ನು ಮರೆಯಬಾರದು. ಚಹಾದ ಕೆಫೀನ್ ಸಂಜೆ ಹೊತ್ತು ಒಳಸೇರಿದರೆ ಮಕ್ಕಳ ನಿದ್ದೆ ಕೆಡುತ್ತದೆ. ಚಹಾದ ಟ್ಯಾನಿನ್, ಊಟದಲ್ಲಿರುವ ಕಬ್ಬಿಣದ ಅಂಶ ರಕ್ತಕ್ಕೆ ಸೇರದಂತೆ ತಡೆಯುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ದೇಶದ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇದೆ. ಊಟದ ಜೊತೆ ಯಾವ ಚಹಾವೂ ಬೇಡ. ಊಟಕ್ಕೂ ಚಹಾಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ.

ಪುಟ್ಟ ಮಕ್ಕಳ ಕೈಗೆ ಬೇಡ

ದೊಡ್ಡವರಿಗೆ ಸಕ್ಕರೆಯ ಚಿಂತೆ. ಪುಟ್ಟ ಮಕ್ಕಳ ವಿಷಯದಲ್ಲಿ ಇನ್ನೂ ತುರ್ತಾದ ಒಂದು ಅಪಾಯವಿದೆ. ದಪ್ಪ ಸ್ಟ್ರಾದಲ್ಲಿ ಜೋರಾಗಿ ಎಳೆದಾಗ ಮುತ್ತು ಗುಂಡಿನಂತೆ ನೇರವಾಗಿ ಗಂಟಲಿಗೆ ನುಗ್ಗಬಹುದು. ಅದು ಅನ್ನನಾಳದ ಬದಲು ಶ್ವಾಸನಾಳಕ್ಕೆ ಇಳಿದರೆ ಉಸಿರು ಕಟ್ಟುತ್ತದೆ. ಜರ್ಮನಿಯ ಆಹಾರ ಸುರಕ್ಷತಾ ಸಂಸ್ಥೆ 2012ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಐದು ವರ್ಷದೊಳಗಿನ ಮಕ್ಕಳಿಗೆ ಮುತ್ತು ಹಾಕಿದ ಪಾನೀಯ ಕೊಡಲೇಬೇಡಿ. ಅಕ್ಕ ಕುಡಿಯುವಾಗ ತಮ್ಮ ಹಟ ಮಾಡಿದರೂ ‘ಒಂದೇ ಗುಟುಕು’ ಎಂದು ಕೊಡಬೇಡಿ. ದೊಡ್ಡ ಮಕ್ಕಳು ಕೂತು ಕುಡಿಯಲಿ. ನಗುತ್ತಾ, ಓಡುತ್ತಾ ಬೇಡ.

ಅಕಸ್ಮಾತ್ ಗಂಟಲಿಗೆ ಸಿಕ್ಕಿದರೆ? ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕೆಮ್ಮಲೂ ಮಾತಾಡಲೂ ಆಗದೆ ಕೈಯಿಂದ ಗಂಟಲು ಹಿಡಿದುಕೊಂಡರೆ ಮುಂದಕ್ಕೆ ಬಾಗಿಸಿ, ಬೆನ್ನಿನ ಮೇಲೆ ಎರಡು ಭುಜದೆಲುಬುಗಳ ನಡುವೆ ಅಂಗೈಯಿಂದ ಐದು ಸಲ ಬಲವಾಗಿ ಹೊಡೆಯಿರಿ. ಹೋಗದಿದ್ದರೆ ಹಿಂದೆ ನಿಂತು, ಹೊಕ್ಕುಳಿಗಿಂತ ಸ್ವಲ್ಪ ಮೇಲೆ ಮುಷ್ಟಿಯಿಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಒತ್ತಿ. ಹೊರಬರುವವರೆಗೆ ಇವೆರಡನ್ನೂ ಒಂದಾದ ಮೇಲೊಂದು ಮಾಡುತ್ತಿರಿ. ಜೊತೆಯವರು ಆಂಬುಲೆನ್ಸಿಗೆ 108 ಕರೆ ಮಾಡಲಿ. ಕಣ್ಣಿಗೆ ಕಾಣದ ವಸ್ತುವಿಗಾಗಿ ಗಂಟಲಿಗೆ ಬೆರಳು ಹಾಕಬೇಡಿ, ಅದು ಇನ್ನೂ ಒಳಕ್ಕೆ ಹೋಗುತ್ತದೆ. ಹೊಟ್ಟೆ ಒತ್ತುವ ಈ ಕ್ರಮ ಒಂದು ವರ್ಷದೊಳಗಿನ ಕೂಸುಗಳಿಗಲ್ಲ.

ಸುದ್ದಿಗಳನ್ನು ಹೇಗೆ ಓದಬೇಕು?

2019ರಲ್ಲಿ ಚೀನಾದ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳಿಗೆ ಮಲಬದ್ಧತೆಯಾಗಿ, ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿ ನೂರಕ್ಕೂ ಹೆಚ್ಚು ಮುತ್ತುಗಳು ಕಂಡವೆಂದು ಸುದ್ದಿಯಾಯಿತು. ಪಿಷ್ಟ ಜೀರ್ಣವಾಗುವ ಪದಾರ್ಥವಾದ್ದರಿಂದ ಕೆಲವು ವೈದ್ಯರು ಇದನ್ನು ಅನುಮಾನಿಸಿದರು. ಚೆನ್ನಾಗಿ ಅಗಿದು ತಿಂದ ನಾಲ್ಕು ಮುತ್ತಿಗೆ ಯಾರೂ ಹೆದರಬೇಕಾಗಿಲ್ಲ. ಅಗಿಯದೆ ನುಂಗುವ ಅಭ್ಯಾಸ ಮಾತ್ರ ಕೆಟ್ಟದ್ದು. 2023ರಲ್ಲಿ ತೈವಾನಿನ ತೈನಾನ್‌ನಲ್ಲಿ ಇಪ್ಪತ್ತು ವರ್ಷದ ಯುವತಿಯ ಮೂತ್ರಪಿಂಡದಿಂದ ಮುನ್ನೂರಕ್ಕೂ ಹೆಚ್ಚು ಹರಳುಗಳನ್ನು ತೆಗೆದರು. ಆಕೆ ಬರಿ ನೀರು ಕುಡಿಯದೆ ಸಿಹಿ ಪಾನೀಯಗಳಿಂದಲೇ ಬಾಯಾರಿಕೆ ತೀರಿಸಿಕೊಳ್ಳುತ್ತಿದ್ದಳು. ಬಬಲ್ ಟೀ ಕುಡಿದವರಿಗೆಲ್ಲ ಕಲ್ಲಾಗುತ್ತದೆ ಎಂದು ಇದರ ಅರ್ಥವಲ್ಲ. ಬಾಯಾರಿಕೆಗೆ ನೀರೇ ಮದ್ದು ಎಂಬುದು ಇದರ ಪಾಠ.

ಕಲಬೆರಕೆಯ ಭಯ ಮಾತ್ರ ಕಟ್ಟುಕತೆಯಲ್ಲ. 2013ರಲ್ಲಿ ತೈವಾನಿನಲ್ಲೇ ಪಿಷ್ಟದ ಜಿಗುಟು ಹೆಚ್ಚಿಸಲು ಮಲೇಯಿಕ್ ಆಮ್ಲದ ಅಂಶವಿದ್ದ ಹಿಟ್ಟು ಬಳಸಿದ್ದು ಪತ್ತೆಯಾಗಿ, ಮುತ್ತುಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಮನೆಗೆ ಪೊಟ್ಟಣ ತರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕವನ್ನು ಓದಿಯೇ ಕೊಳ್ಳಿ.

ಸಿಂಗಪುರದಲ್ಲಿ 2023ರ ಡಿಸೆಂಬರ್ 30ರಿಂದ, ಅಂಗಡಿಯಲ್ಲೇ ತಯಾರಿಸುವ ಸಿಹಿ ಪಾನೀಯಗಳಿಗೂ ಸಕ್ಕರೆ ಮತ್ತು ಕೊಬ್ಬಿನ ಲೆಕ್ಕದಲ್ಲಿ ಎ, ಬಿ, ಸಿ, ಡಿ ಎಂಬ ದರ್ಜೆ ಕೊಡುತ್ತಾರೆ. ಡಿ ದರ್ಜೆಯದಕ್ಕೆ ಜಾಹೀರಾತು ನಿಷಿದ್ಧ. ನಮ್ಮಲ್ಲೂ 2025ರಲ್ಲಿ ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ, ಮಕ್ಕಳಿಗೆ ಸಕ್ಕರೆಯ ಲೆಕ್ಕ ತಿಳಿಸುವ ಫಲಕ ಹಾಕುವಂತೆ ತನ್ನ ಶಾಲೆಗಳಿಗೆ ಸೂಚಿಸಿದೆ. ಅಂಥದೊಂದು ಲೆಕ್ಕ ಅಡುಗೆಮನೆಯ ಗೋಡೆಯ ಮೇಲಿದ್ದರೂ ಚೆನ್ನ.

ಹಾಗಾದರೆ ಕುಡಿಯಲೇಬಾರದೇ?

ಹಾಗೆಂದು ನಾನು ಹೇಳುವುದಿಲ್ಲ. ಬೇಡವೆಂದು ಗದರಿಸಿದರೆ ಮಕ್ಕಳು ಹೇಳದೆ ಹೋಗಿ ಕುಡಿಯುತ್ತಾರೆ, ಅಷ್ಟೇ. ಬದಲಿಗೆ ಈ ಕೆಲವು ಮಾತುಗಳನ್ನು ಮನೆಯವರೆಲ್ಲ ಕೂತು ಓದಿ:

* ಇದನ್ನು ಚಹಾದ ಲೆಕ್ಕಕ್ಕೆ ಸೇರಿಸಬೇಡಿ, ಸಿಹಿತಿಂಡಿಯ ಲೆಕ್ಕಕ್ಕೆ ಸೇರಿಸಿ. ತಿಂಗಳಿಗೆ ಒಂದೆರಡು ಸಲ ಸಾಕು.

* ಚಿಕ್ಕ ಲೋಟ ಕೇಳಿ. ಸಕ್ಕರೆ ಕಾಲು ಭಾಗ ಸಾಕೆನ್ನಿ, ಮುತ್ತು ಅರ್ಧ ಹಾಕಿಸಿ. ಇಬ್ಬರು ಹಂಚಿಕೊಂಡರೆ ಇನ್ನೂ ಒಳ್ಳೆಯದು.

* ಕುಡಿದ ದಿನ ಬೇರೆ ಸಿಹಿ ಬೇಡ. ಕುಡಿದ ಮೇಲೆ ಬಾಯಿ ಮುಕ್ಕಳಿಸಿ.

* ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರಲ್ಲಿ ಸಕ್ಕರೆ ಹೆಚ್ಚಾಗಿರುವವರು, ಯಕೃತ್ತಿನಲ್ಲಿ ಕೊಬ್ಬಿರುವವರು ದೂರವಿರುವುದೇ ಲೇಸು.

* ಬಾಯಾರಿಕೆಗೆ ನೀರು, ಮಜ್ಜಿಗೆ, ಎಳನೀರು ಇವೆ.

ಮಕ್ಕಳಿಗೆ ತೀರಾ ಆಸೆಯಾದರೆ ಮನೆಯಲ್ಲೇ ಮಾಡಿಕೊಡಬಹುದು. ಬೇಯಿಸಿ ತಣ್ಣೀರಲ್ಲಿ ತೊಳೆದ ಸಬ್ಬಕ್ಕಿ ಎರಡು ಚಮಚ, ಸ್ಟ್ರಾಂಗಾಗಿ ಕಾಸಿ ತಣ್ಣಗಾದ ಚಹಾ, ನಿಜವಾದ ಹಾಲು, ಒಂದು ಚಮಚ ಬೆಲ್ಲ. ಬೆಲ್ಲವೂ ಸಕ್ಕರೆಯೇ, ಆದ್ದರಿಂದ ಧಾರಾಳ ಬೇಡ. ಸ್ಟ್ರಾ ಬದಲು ಚಮಚ ಕೊಡಿ. ಚಮಚ ಹಾಕಿ ತಿನ್ನುವಾಗ, ತಾವು ತಿನ್ನುತ್ತಿರುವುದು ಪಾಯಸ ಎಂಬುದು ಅವರಿಗೇ ಗೊತ್ತಾಗುತ್ತದೆ.